ಓರೆಗೆರೆ ನೋಡಿ ಗುರುತು ಹಿಡಿಯುವುದು

ಎಲ್ಲರಿಗೂ ನಮಸ್ಕಾರ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಗ್ರಂಥಾಲಯಗಳನ್ನು ನೋಡಿಕೊಳ್ಳುವವರು ಇದ್ದೀರಿ, ಲೈಬ್ರರಿ ಸೈನ್ಸ್ ಓದುತ್ತಿರುವವರೂ ಇದ್ದೀರಿ. ಊಟಕ್ಕೆ ಮುಂಚಿನ ಭಾಷಣ ಇದು: ಲೈಬ್ರರಿಯ ಕ್ಯಾಟಲಾಗು, ಅಂದರೆ ಪುಸ್ತಕಗಳ ಪಟ್ಟಿ, ಯಾವ ನಿಯಮದ ಪ್ರಕಾರ ಬರೆದದ್ದು ಅಂತ ಗುರುತು ಹಿಡಿಯುವುದು ಹೇಗೆ. ಪೀಠಿಕೆ ಬೇಡ, ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆಯಿತು, ಬೆಳಗಾಂ ಹೋಗಿ ಬೆಳಗಾವಿ ಆಯಿತು. ಆಗ ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೆ. ಉತ್ಸಾಹ ಸ್ವಲ್ಪ ಜಾಸ್ತಿ. ಕಂಪ್ಯೂಟರಿನ ಕ್ಯಾಟಲಾಗಿನಲ್ಲಿ 'ಬಿಜಾಪುರ' ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ 'ವಿಜಯಪುರ' ಅಂತ ಒಂದೇ ಏಟಿಗೆ ಬದಲಿಸಿಬಿಟ್ಟೆ. ವಾರ ಕಳೆಯುವುದರೊಳಗೆ ಹಿರಿಯ ಮಾಸ್ತರರೊಬ್ಬರು ಒಂದು ಹಳೇ ಪುಸ್ತಕ ಹಿಡಿದುಕೊಂಡು ಬಂದರು. "ಏನ್ರೀ ಇದು, ಪುಸ್ತಕದಾಗ ಬಿಜಾಪುರ ಅಂತ ಐತಿ, ನಿಮ್ಮ ಕಂಪ್ಯೂಟರ್ ಬ್ಯಾರೇನ ಹೇಳ್ತದಲ್ರೀ?" ಪ್ರಕಟಣೆಯ ಊರಷ್ಟೇ ಅಲ್ಲ, ಪುಸ್ತಕಗಳ ಹೆಸರಿನಲ್ಲೂ ಊರು ಬದಲಾಗಿತ್ತು. ಹಳೇ ಹೆಸರು ಕೊಟ್ಟು ಹುಡುಕಿದವರಿಗೆ ಪುಸ್ತಕ ಸಿಗುತ್ತಲೇ ಇರಲಿಲ್ಲ.

ತಪ್ಪು ಎಲ್ಲಾಯಿತು ಗೊತ್ತಾ? ಕ್ಯಾಟಲಾಗಿನಲ್ಲಿ ಎರಡು ಥರದ ಮಾತು ಇರುತ್ತದೆ. ಒಂದು, ಪುಸ್ತಕದಲ್ಲಿ ಇದ್ದಂತೆ ನಕಲು ಮಾಡಿದ್ದು: ಹೆಸರು, ಪ್ರಕಾಶಕರು, ಊರು. ಅದನ್ನು ಮುಟ್ಟಬಾರದು. ಇನ್ನೊಂದು, ಹುಡುಕಲು ಅನುಕೂಲವಾಗಲಿ ಅಂತ ಲೈಬ್ರರಿ ತಾನೇ ತೀರ್ಮಾನಿಸಿದ ಶೀರ್ಷಿಕೆ, ಅಂದರೆ ಪುಸ್ತಕ ಯಾವ ಹೆಸರಿನಡಿ ಸಿಗಬೇಕು ಅನ್ನುವುದು. ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಹಳಕಟ್ಟಿಯವರನ್ನೇ ತಗೊಳ್ಳಿ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ, ಫ.ಗು. ಹಳಕಟ್ಟಿ, ಡಾ. ಹಳಕಟ್ಟಿ ಅಂತ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರಬಹುದು, ಆದರೆ ಎಲ್ಲವೂ ಒಂದೇ ಹೆಸರಿನಡಿ ಬಂದು ಸೇರಬೇಕು ಅಲ್ವಾ? ಬದಲಾಯಿಸುವುದಿದ್ದರೆ ಆ ಎರಡನೆಯ ಜಾಗದಲ್ಲಿ ಮಾತ್ರ.

ಇದನ್ನೆಲ್ಲ ಹೇಳುವ ನಿಯಮದ ಪುಸ್ತಕಗಳಿವೆ. ಕಷ್ಟ ಏನೆಂದರೆ, ಹಳೇ ಕ್ಯಾಟಲಾಗ್ ಕಾರ್ಡಿನ ಮೇಲೆ 'ನಾನು ಇಂಥ ನಿಯಮದ ಪ್ರಕಾರ ಹುಟ್ಟಿದವನು' ಅಂತ ಬರೆದಿರುವುದಿಲ್ಲ. ಮಾತು ಕೇಳಿ ಊರು ಹೇಳುತ್ತೀವಲ್ಲ, ಹಾಗೆ ಚಿಕ್ಕ ಚಿಕ್ಕ ಗುರುತು ನೋಡಿ ಹೇಳಬೇಕು.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 'ನಮ್ಮದು ಮಾರ್ಕ್ ಪ್ರಕಾರ ಕ್ಯಾಟಲಾಗು' ಅನ್ನುತ್ತಾರೆ. ಮಾರ್ಕ್ 21 ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ವಿವರ ತುಂಬಿಡುವ ಚೌಕಟ್ಟು, ಬುತ್ತಿಯ ಡಬ್ಬಿ ಇದ್ದ ಹಾಗೆ. ಡಬ್ಬಿ ಸ್ಟೀಲಿನದು ಅಂದರೆ ಒಳಗಿರುವುದು ಎಣ್ಣೆಗಾಯಿಯೋ ಹೆಸರುಕಾಳಿನ ಪಲ್ಯವೋ ತಿಳಿಯುವುದಿಲ್ಲ. ಒಳಗೆ ಏನು ಬರೆಯಬೇಕು ಅಂತ ಹೇಳುವುದು ಎಎಸಿಆರ್2 (ಆಂಗ್ಲೋ-ಅಮೆರಿಕನ್ ಕ್ಯಾಟಲಾಗಿಂಗ್ ರೂಲ್ಸ್‌ನ ಎರಡನೇ ಆವೃತ್ತಿ), ಆರ್‌ಡಿಎ (ರಿಸೋರ್ಸ್ ಡಿಸ್ಕ್ರಿಪ್ಷನ್ ಅಂಡ್ ಆಕ್ಸೆಸ್) ಥರದ ನಿಯಮಗಳು. ಇನ್ನು 894.814 ಅನ್ನುವ ಡ್ಯೂಯಿ ಸಂಖ್ಯೆ ಕನ್ನಡ ಸಾಹಿತ್ಯ ಯಾವ ಕಪಾಟಿನಲ್ಲಿದೆ ಅಂತ ಹೇಳುತ್ತದೆ, ಅಷ್ಟೇ. ಅದು ವರ್ಗೀಕರಣ. ಪರೀಕ್ಷೆಯಲ್ಲಿ ಇವು ಮೂರನ್ನೂ ಕಲಸಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ.

ಈಗ ಕಾರ್ಡು ಕೈಗೆ ತಗೊಳ್ಳಿ. ಸುಮ್ನೆ 'ಬಿಳಿಜೋಳ' ಅಂತ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಹೆಸರು ಆದ ಮೇಲೆ ಎರಡೂ ಕಡೆ ಜಾಗ ಬಿಟ್ಟು ಒಂದು ಓರೆಗೆರೆ, ಆಮೇಲೆ ಲೇಖಕರ ಹೆಸರು. ಊರು, ಜಾಗ, ಕೋಲನ್, ಜಾಗ, ಪ್ರಕಾಶಕರು. ಈ ಚಿಹ್ನೆಗಳು 1970ರ ದಶಕದಲ್ಲಿ ಬಂದ, ಪುಸ್ತಕದ ವಿವರ ಬರೆಯುವ ಅಂತರರಾಷ್ಟ್ರೀಯ ಮಾದರಿಯಾದ ಐಎಸ್‌ಬಿಡಿಯವು. ಚಿಹ್ನೆ ನೋಡಿದರೆ ಸಾಕು, ಭಾಷೆ ಬಾರದಿದ್ದರೂ ಯಾವುದು ಹೆಸರು, ಯಾವುದು ಲೇಖಕ ಅಂತ ತಿಳಿಯುತ್ತದೆ. ಅಷ್ಟು ಚಂದದ ಯೋಚನೆ, ಆದರೆ ನಮ್ಮಲ್ಲಿ ಬಹಳ ಜನ ಅದನ್ನು ಟೈಪಿಂಗ್ ತಪ್ಪು ಅಂದುಕೊಂಡು ಆ ಜಾಗವನ್ನೇ ಅಳಿಸಿಹಾಕುತ್ತಾರೆ.

ಕಾರ್ಡಿನ ಮೇಲ್ತುದಿಯ ಸಾಲು ನೋಡಿ. 'ಹಳಕಟ್ಟಿ, ಫ. ಗು.' ಅಂತ ಕಾಮಾ ಇದ್ದರೆ ಎಎಸಿಆರ್ ಮನೆತನ. 'ಹಳಕಟ್ಟಿ (ಫ ಗು)' ಅಂತ ಕಂಸ ಇದ್ದು, ಕಾರ್ಡಿನ ತಲೆಯಲ್ಲೇ ಪುಸ್ತಕದ ಕಾಲ್ ನಂಬರ್, ಅಂದರೆ ಕಪಾಟಿನಲ್ಲಿ ಅದರ ಜಾಗ ಹೇಳುವ ಸಂಖ್ಯೆ ಇದ್ದರೆ ಅದು ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರದು. ಅವರ ಕೋಲನ್ ವರ್ಗೀಕರಣ ಬಂದದ್ದು 1933ರಲ್ಲಿ, ಅದಕ್ಕೆ ಜೋಡಿಯಾಗುವ ಕ್ಯಾಟಲಾಗ್ ಸಂಹಿತೆ 1934ರಲ್ಲಿ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ.

ಕಂಪ್ಯೂಟರ್ ರೆಕಾರ್ಡಾದರೆ ಇನ್ನೂ ಸುಲಭ. ಲೀಡರ್ ಅನ್ನುವ ಮೊದಲ ಸಾಲಿನ 18ನೇ ಜಾಗಕ್ಕೆ ಹೋಗಿ. ಎಣಿಕೆ ಸೊನ್ನೆಯಿಂದ ಶುರು, ಮೋಸ ಹೋಗಬೇಡಿ. ಅಲ್ಲಿ 'ಎ' ಇದ್ದರೆ ಎಎಸಿಆರ್2, 'ಐ' ಇದ್ದರೆ ಐಎಸ್‌ಬಿಡಿ ಚಿಹ್ನೆ ಹಾಕಿದ್ದಾರೆ ಅಂತ. ರೆಕಾರ್ಡಿನ ಒಂದೊಂದು ಸಾಲಿಗೂ ಒಂದು ಸಂಖ್ಯೆ ಇರುತ್ತದೆ. ಆಮೇಲೆ 040 ಅನ್ನುವ ಸಾಲಿನಲ್ಲಿ 'ಆರ್‌ಡಿಎ' ಅಂತ ಬರೆದಿದೆಯಾ ನೋಡಿ. ಅದು 2010ರಲ್ಲಿ ಬಂದ ನಿಯಮ. ಅದರಲ್ಲಿ ಪ್ರಕಟಣೆಯ ವಿವರ 260 ಬಿಟ್ಟು 264ರಲ್ಲಿ ಇರುತ್ತದೆ, 336, 337, 338 ಅಂತ ಮೂರು ಹೊಸ ಸಾಲು ಸೇರಿರುತ್ತವೆ. 'ಪಿ.', 'ಇಲ್.' ಅಂತ ಮೊಟಕು ಮಾಡುವ ಬದಲು 'ಪೇಜಸ್', 'ಇಲಸ್ಟ್ರೇಷನ್ಸ್' ಅಂತ ಪೂರ್ತಿ ಬರೆಯುತ್ತಾರೆ. ಕಾರ್ಡಿನಲ್ಲಿ ಜಾಗ ಉಳಿಸಬೇಕಿತ್ತು, ಕಂಪ್ಯೂಟರಿನಲ್ಲಿ ಏನು ಕೊರತೆ?

ನಿಮ್ಮ ಕೈಗೆ ಕೊಡುವ ಹಾಳೆಗಳಲ್ಲಿ ಒಂದು ಮಾತ್ರ ತಕರಾರಿನದು. 264 ಇದೆ, 040ರಲ್ಲಿ ಆರ್‌ಡಿಎ ಇಲ್ಲ, ಪುಟದ ಜಾಗದಲ್ಲಿ 'ಪಿ.' ಇದೆ. ಹಳೇ ರೆಕಾರ್ಡನ್ನು ಯಾರೋ ಅರ್ಧ ತಿದ್ದಿ ಬಿಟ್ಟಿದ್ದಾರೆ. ಇಂಥವು ಸಿಕ್ಕರೆ ತಿದ್ದಿ, ಆದರೆ ಬ್ಯಾಕಪ್ ತೆಗೆದಿಟ್ಟುಕೊಂಡು. ನಾನು ತೆಗೆದಿರಲಿಲ್ಲ. ಒಂದೊಂದೇ ಪುಸ್ತಕ ಕಪಾಟಿನಿಂದ ಇಳಿಸಿ, ಧೂಳು ಜಾಡಿಸಿ, ಬಿಜಾಪುರವೋ ವಿಜಾಪುರವೋ ಅಂತ ನೋಡಿ ಮತ್ತೆ ಟೈಪ್ ಮಾಡುವುದರಲ್ಲಿ ಎರಡು ಬೇಸಿಗೆ ರಜೆ ಹೋಯಿತು.