ದೇಶಗಳಾಗಿದ್ದ ರಾಜ್ಯಗಳು: ವರ್ಮಾಂಟ್, ಟೆಕ್ಸಾಸ್, ಹವಾಯಿ

[ಪರದೆಯಲ್ಲಿ: ಅಮೆರಿಕದ ನಕ್ಷೆ, ಮೂರು ರಾಜ್ಯಗಳಿಗೆ ಮಾತ್ರ ಬಣ್ಣ]

ನಿರೂಪಣೆ: ನಮಸ್ಕಾರ. ಅಮೆರಿಕದ 50 ರಾಜ್ಯಗಳ ಪೈಕಿ ವರ್ಮಾಂಟ್, ಟೆಕ್ಸಾಸ್ ಮತ್ತು ಹವಾಯಿ ಒಂದು ಕಾಲಕ್ಕೆ ಸ್ವತಂತ್ರ ದೇಶಗಳಾಗಿದ್ದವು. 1846ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕರಡಿಯ ಚಿತ್ರದ ಬಾವುಟ ಹಾರಿಸಿ ಗಣರಾಜ್ಯವನ್ನು ಘೋಷಿಸಲಾಯಿತು. ಆದರೆ ಅದು ಒಂದು ತಿಂಗಳೂ ಬಾಳಲಿಲ್ಲವಾದ್ದರಿಂದ ದೇಶವೆಂದು ಎಣಿಸುವುದು ಅತಿಯಾದೀತು.

ನ್ಯೂಯಾರ್ಕ್ ಮತ್ತು ನ್ಯೂ ಹ್ಯಾಂಪ್‌ಶೈರ್ ಎರಡೂ ತಮ್ಮದೆಂದು ಹಟ ಹಿಡಿದಿದ್ದ ನೆಲದಲ್ಲಿ, 1777ರಲ್ಲಿ ವರ್ಮಾಂಟ್ ಸ್ವತಂತ್ರವೆಂದು ಘೋಷಿಸಿಕೊಂಡಿತು. ವಯಸ್ಕರ ಗುಲಾಮಗಿರಿಯನ್ನು ಅದರ ಸಂವಿಧಾನ ನಿಷೇಧಿಸಿತು. ತಾಮ್ರದ ನಾಣ್ಯಗಳೂ ಟಂಕಿಸಲ್ಪಟ್ಟವು. ಕೊನೆಗೆ ನ್ಯೂಯಾರ್ಕಿಗೆ 30,000 ಡಾಲರ್ ಕೊಟ್ಟು ಜಮೀನಿನ ತಕರಾರನ್ನು ಬಗೆಹರಿಸಿಕೊಂಡು, 1791ರಲ್ಲಿ 14ನೆಯ ರಾಜ್ಯವಾಯಿತು.

[ಪರದೆಯಲ್ಲಿ: ಒಂಟಿ ನಕ್ಷತ್ರದ ಟೆಕ್ಸಾಸ್ ಬಾವುಟ]

ಟೆಕ್ಸಾಸ್ ವಿಚಾರ ಇಷ್ಟು ಸಲೀಸಾಗಿರಲಿಲ್ಲ. 1836ರಲ್ಲಿ ಮೆಕ್ಸಿಕೋದಿಂದ ಬೇರ್ಪಟ್ಟ ಈ ಗಣರಾಜ್ಯಕ್ಕೆ ಅಮೆರಿಕ ಮತ್ತು ಫ್ರಾನ್ಸ್ ಮಾನ್ಯತೆ ಕೊಟ್ಟಿದ್ದವು. ಲಂಡನ್ನಿನಲ್ಲಿ ಒಂದು ಮದ್ಯದ ಅಂಗಡಿಯ ಮಾಳಿಗೆಯಲ್ಲಿ ಅದರ ರಾಯಭಾರ ಕಚೇರಿಯೂ ನಡೆಯುತ್ತಿತ್ತು. ಆದರೆ ಖಜಾನೆ ಬರಿದಾಗಿ, ಸಾಲ ಬೆಳೆಯುತ್ತಲೇ ಹೋಯಿತು. ಅಮೆರಿಕದಲ್ಲಿ ಯಾವುದೇ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡರಷ್ಟು ಬೆಂಬಲ ಬೇಕು. ಗುಲಾಮಗಿರಿ ಇರುವ ಇನ್ನೊಂದು ದೊಡ್ಡ ರಾಜ್ಯ ಬೇಡವೆಂಬ ಉತ್ತರದವರ ವಿರೋಧವೂ, ಮೆಕ್ಸಿಕೋದೊಂದಿಗೆ ಯುದ್ಧವಾದೀತೆಂಬ ಭಯವೂ ಸೇರಿ, 1844ರ ವಿಲೀನ ಒಪ್ಪಂದ 16ಕ್ಕೆ 35 ಮತಗಳಿಂದ ಬಿದ್ದುಹೋಯಿತು. ಆಗ ಬೆಂಬಲಿಗರು ಹುಡುಕಿದ ಒಳದಾರಿಯೇ ಜಂಟಿ ನಿರ್ಣಯ. ಅದಕ್ಕೆ ಎರಡೂ ಸದನಗಳಲ್ಲಿ ಸರಳ ಬಹುಮತ ಸಾಕು. ಸೆನೆಟ್ಟಿನಲ್ಲಿ ಅದು ಗೆದ್ದದ್ದು ಎರಡೇ ಮತಗಳ ಅಂತರದಿಂದ. 1845ರ ಡಿಸೆಂಬರ್ 29ರಂದು ಟೆಕ್ಸಾಸ್ ರಾಜ್ಯವಾಯಿತು.

[ಪರದೆಯಲ್ಲಿ: ಹೊನೊಲುಲುವಿನ ಇಯೊಲಾನಿ ಅರಮನೆ]

ಹವಾಯಿಯಲ್ಲಿ ಅದೇ ಒಳದಾರಿಯನ್ನು ಜನರ ಇಚ್ಛೆಗೆ ವಿರುದ್ಧವಾಗಿ ಬಳಸಲಾಯಿತು. 1843ರಲ್ಲೇ ಬ್ರಿಟನ್ ಮತ್ತು ಫ್ರಾನ್ಸ್ ಮಾನ್ಯ ಮಾಡಿದ್ದ ಈ ರಾಜಸತ್ತೆಯ ಅರಮನೆಗೆ ಶ್ವೇತಭವನಕ್ಕಿಂತ ಮೊದಲೇ ವಿದ್ಯುದ್ದೀಪ ಬಂದಿತ್ತು. ರಾಜಸತ್ತೆಯಿಂದ ಹಿಂದೆ ಕಸಿದುಕೊಳ್ಳಲಾಗಿದ್ದ ಅಧಿಕಾರವನ್ನು ಮರಳಿ ಪಡೆಯಲು ರಾಣಿ ಲಿಲಿಯುಒಕಲಾನಿ ಹೊಸ ಸಂವಿಧಾನಕ್ಕೆ ಮುಂದಾದಾಗ, 1893ರ ಜನವರಿಯಲ್ಲಿ ವಲಸಿಗ ಉದ್ಯಮಿಗಳು ಮತ್ತು ವಕೀಲರ ಗುಂಪೊಂದು ಆಕೆಯನ್ನು ಪದಚ್ಯುತಗೊಳಿಸಿತು. ಅದರ ಹಿಂದಿನ ದಿನವೇ ಅಮೆರಿಕದ ಯುದ್ಧನೌಕೆಯಿಂದ ಸೈನಿಕರು ದಡಕ್ಕಿಳಿದಿದ್ದರು. ರಕ್ತಪಾತ ತಪ್ಪಿಸಲೆಂದು ರಾಣಿ ಶರಣಾದದ್ದು ಆ ಗುಂಪಿಗಲ್ಲ, ಪ್ರತಿಭಟನೆಯನ್ನು ದಾಖಲಿಸಿಯೇ ಅಮೆರಿಕ ಸರ್ಕಾರಕ್ಕೆ.

1897ರಲ್ಲಿ ವಿಲೀನ ಒಪ್ಪಂದ ಸೆನೆಟ್ಟಿನ ಮುಂದೆ ಬಂದಾಗ 21,000ಕ್ಕೂ ಹೆಚ್ಚು ಹವಾಯಿಯನ್ನರು ಸಹಿ ಹಾಕಿದ ವಿರೋಧದ ಮನವಿ ವಾಷಿಂಗ್ಟನ್ ತಲುಪಿತು, ಒಪ್ಪಂದಕ್ಕೆ ಮೂರನೇ ಎರಡರ ಬಹುಮತ ಸಿಗಲೇ ಇಲ್ಲ. ಮರುವರ್ಷ ಸ್ಪೇನ್ ಜೊತೆ ಯುದ್ಧ ಹೊತ್ತಿಕೊಂಡು ಪೆಸಿಫಿಕ್‌ನಲ್ಲಿ ನೌಕಾನೆಲೆಯ ಅಗತ್ಯ ಬಿದ್ದದ್ದೇ ತಡ, ಜಂಟಿ ನಿರ್ಣಯ ಅಂಗೀಕಾರವಾಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ ಎಂದು ನನಗನಿಸುತ್ತದೆ: ಟೆಕ್ಸಾಸಿನಲ್ಲಿ ಜನಪ್ರತಿನಿಧಿಗಳೂ ಮತದಾರರೂ ವಿಲೀನವನ್ನು ಒಪ್ಪಿದ್ದರು, ಹವಾಯಿಯ ಜನರನ್ನು ಯಾರೂ ಕೇಳಲೇ ಇಲ್ಲ. 1959ರ ಜನಮತ ಸಂಗ್ರಹದಲ್ಲೂ ರಾಜ್ಯವಾಗಬೇಕೇ ಬೇಡವೇ ಎಂಬ ಪ್ರಶ್ನೆಯಿತ್ತೇ ಹೊರತು ಸ್ವಾತಂತ್ರ್ಯದ ಆಯ್ಕೆ ಇರಲಿಲ್ಲ. 1993ರಲ್ಲಿ ಅಮೆರಿಕದ ಸಂಸತ್ತು ರಾಣಿಯ ಪದಚ್ಯುತಿಗಾಗಿ ಕ್ಷಮೆ ಯಾಚಿಸಿತು. ಅದೂ ಒಂದು ಜಂಟಿ ನಿರ್ಣಯವೇ; ಅಮೆರಿಕದ ವಿರುದ್ಧದ ಯಾವ ಹಕ್ಕುಬಾಧ್ಯತೆಯೂ ಇದರಿಂದ ಇತ್ಯರ್ಥವಾಗುವುದಿಲ್ಲವೆಂದು ಅದರಲ್ಲೇ ಬರೆಯಲಾಗಿದೆ.