ಮಶೀನ್ ಟೇಬಲ್ ಮೇಲೆ ಮಲಗಿದಾಗ ಕೇಳೋ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್, ಅಂದ್ರೆ ಕ್ಯಾನ್ಸರ್‌ಗೆ ಕಿರಣದ ಚಿಕಿತ್ಸೆ ಕೊಡೋವಾಗ ಪೇಷಂಟನ್ನ ಟೇಬಲ್ ಮೇಲೆ ಮಲಗಿಸಿ, ಮೈಮೇಲಿನ ಗುರುತನ್ನ ಲೇಸರ್ ಗೆರೆಗೆ ಸರಿಯಾಗಿ ಹೊಂದಿಸಿ, ಬಾಗಿಲು ಹಾಕ್ಕೊಂಡು ಹೊರಗೆ ಬಂದು ಬಟನ್ ಒತ್ತೋ ಕೆಲಸ. ಪೇಷಂಟ್‌ಗಳು ಡಾಕ್ಟರನ್ನ ವಾರಕ್ಕೊಂದ್ಸಲ ನೋಡ್ತಾರೆ, ನಮ್ಮನ್ನ ದಿನಾ ನೋಡ್ತಾರೆ, 5 ವಾರ, 6 ವಾರ, ಕೆಲವರು 7 ವಾರ. ಅದಕ್ಕೇ ಇರಬೇಕು, ಡಾಕ್ಟರ್ ರೂಮಲ್ಲಿ "ಏನೂ ತೊಂದ್ರೆ ಇಲ್ಲ ಸಾರ್, ಆರಾಮಾಗಿದೀನಿ" ಅಂದವರೇ ನಮ್ಮ ಹತ್ರ ಬಂದು ಶರ್ಟ್ ಗುಂಡಿ ಬಿಚ್ಚೋವಾಗ ಮೆಲ್ಲಗೆ ಶುರು ಮಾಡ್ತಾರೆ, "ಒಂದು ಕೇಳ್ಲಾ, ತಪ್ಪು ತಿಳ್ಕೋಬೇಡಿ" ಅಂತ. ಇವತ್ತು ನಾನು ಮಾತಾಡೋದು ಆ ಪ್ರಶ್ನೆಗಳ ಬಗ್ಗೆ ಮಾತ್ರ.

ಮೊದಲನೇದು ಕರೆಂಟಿನ ವಿಷಯ. ನಮ್ಮ ಮಾತಲ್ಲಿ ಈ ಚಿಕಿತ್ಸೆಗೆ "ಕರೆಂಟ್ ಇಡೋದು" ಅಂತಾನೇ ಹೆಸರು ಬಿದ್ದುಬಿಟ್ಟಿದೆ. ಆ ಒಂದು ಪದ ಎಷ್ಟು ಜನರ ನಿದ್ದೆ ಕೆಡಿಸಿದೆ ಅಂತ ನನಗೆ ಗೊತ್ತು. ಮೊದಲ ದಿನ ಒಬ್ಬಮ್ಮ ಟೇಬಲ್ ಮೇಲೆ ಮಲಗಿ ಹಲ್ಲು ಕಚ್ಚಿಕೊಂಡು, ಮುಷ್ಟಿ ಬಿಗಿ ಹಿಡ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು ಇದ್ರು, ಎಲ್ಲಾ ಮುಗಿದು ನಾವು ಒಳಗೆ ಹೋಗಿ ಏಳಿ ಅಂದಾಗ "ಯಾವಾಗ ಇಡ್ತೀರಾ ಕರೆಂಟು?" ಅಂತ ಕೇಳಿದ್ರು. ಆಗೋಗಿತ್ತು. ಇಲ್ಲಿ ಮೈಗೆ ಯಾವ ತಂತೀನೂ ತಾಗಲ್ಲ, ಶಾಕ್ ಹೊಡೆಯಲ್ಲ, ಬಿಸಿನೂ ಆಗಲ್ಲ. ಮಶೀನ್ ಎಲೆಕ್ಟ್ರಾನ್‌ಗಳನ್ನ ಭಾರೀ ವೇಗದಲ್ಲಿ ಓಡಿಸಿ ಒಂದು ಲೋಹದ ತುಣುಕಿಗೆ ಹೊಡೆಸತ್ತೆ, ಆಗ ಹುಟ್ಟೋ ಎಕ್ಸ್‌ರೇ ಮೈಯೊಳಗೆ ಹೋಗತ್ತೆ, ಅಷ್ಟೇ. ಎದೆಯ ಎಕ್ಸ್‌ರೇ ತೆಗೆಸಿದಾಗ ಏನು ಗೊತ್ತಾಗತ್ತೋ ಇಲ್ಲೂ ಅಷ್ಟೇ ಗೊತ್ತಾಗೋದು. ಆದ್ರೆ ಈ ಕಿರಣದ ಶಕ್ತಿ ಅದಕ್ಕಿಂತ ತುಂಬಾ ಜಾಸ್ತಿ. ಒಳಗೆ ಇರೋದು ಹತ್ತು ಹದಿನೈದು ನಿಮಿಷ, ಅದರಲ್ಲೂ ಬಹುಪಾಲು ಹೊತ್ತು ನಿಮ್ಮನ್ನ ಸರಿಯಾಗಿ ಮಲಗಿಸಿ ಸ್ಕ್ಯಾನ್ ತೆಗೆದು ನೋಡೋದಕ್ಕೇ ಹೋಗತ್ತೆ, ಕಿರಣ ಬೀಳೋದು ಕೆಲವೇ ನಿಮಿಷ.

ಹಳೇ ಕಾಲದ ಕಥೆ ಕೇಳಿ ಹೆದರೋರೂ ಇದಾರೆ. ವಿಜ್ಞಾನಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ, ಕ್ಯೂರಿ ದಂಪತಿ ಕಿರಣ ಸೂಸೋ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಆ ಕಾಲದಲ್ಲಿ ಕಿರಣವನ್ನ ಬೇಕಾದ ಕಡೆಗೆ ಮಾತ್ರ ಬಿಡೋದು ಗೊತ್ತಿರ್ಲಿಲ್ಲ, ಚರ್ಮ ಸುಟ್ಟುಹೋಗ್ತಿತ್ತು. ಹಳಬರು ಹೇಳೋ ಭಯಾನಕ ಕಥೆಗಳು ಪೂರ್ತಿ ಸುಳ್ಳಲ್ಲ, ಹಳೇ ಮಶೀನ್‌ಗಳ ಕಾಲದಲ್ಲಿ ಚರ್ಮಕ್ಕೆ ಜಾಸ್ತಿನೇ ಪೆಟ್ಟು ಬೀಳ್ತಿತ್ತು. ಈಗಿನ ಮಶೀನಲ್ಲಿ ಗಡ್ಡೆಯ ಆಕಾರಕ್ಕೆ ತಕ್ಕಂಗೆ ಕಿರಣವನ್ನ ಕತ್ತರಿಸಿಕೊಡೋ ಸಣ್ಣ ಸಣ್ಣ ಲೋಹದ ಪಟ್ಟಿಗಳಿರ್ತವೆ, ಬೇರೆ ಬೇರೆ ಕೋನದಿಂದ ಬರೋ ಕಿರಣ ಎಲ್ಲಾ ಗಡ್ಡೆ ಹತ್ರ ಸೇರತ್ತೆ. ಹಾಗಾಗಿ ನಿಮ್ಮ ದೊಡ್ಡಪ್ಪನಿಗೆ ಮೂವತ್ತು ವರ್ಷದ ಹಿಂದೆ ಆದದ್ದು ನಿಮಗೂ ಹಾಗೇ ಆಗತ್ತೆ ಅಂತ ಲೆಕ್ಕ ಹಾಕ್ಬೇಡಿ.

ಈಗ ನನ್ನನ್ನ ತುಂಬಾ ಕಾಡೋ ಒಂದು ವಿಷಯ. ಗಂಟಲಿಗೆ ಟ್ರೀಟ್‌ಮೆಂಟ್ ತಗೋತಿದ್ದ ಒಬ್ರು, ಚಿಕ್ಕ ಮಗು ಇದ್ದ ತಂದೆ, ವಾರಕ್ಕೆ 5 ದಿನದಂತೆ 35 ದಿನದಲ್ಲಿ 34 ದಿನ ಮುಗಿದಮೇಲೆ ನನ್ನ ಕೇಳಿದ್ರು, "ನಾಳೆ ಮುಗಿಯತ್ತಲ್ಲ, ಇನ್ನು ಎಷ್ಟು ದಿನ ಆದ್ಮೇಲೆ ನಾನು ಮಗುನ ಎತ್ಕೋಬಹುದು?" ಏಳು ವಾರ ಅವರು ಬೇರೆ ರೂಮಲ್ಲಿ ಮಲಗಿದಾರೆ, ತಟ್ಟೆ ಲೋಟ ಬೇರೆ ಇಟ್ಕೊಂಡಿದಾರೆ, ಮಗು ಅಪ್ಪಾ ಅಂತ ಬಂದ್ರೆ ಹಿಂದೆ ಸರಿದಿದಾರೆ. ಮೈಯಿಂದ ಕಿರಣ ಬರತ್ತೆ, ಮಗುಗೆ ತಾಗತ್ತೆ ಅಂತ. ಯಾರೂ ಅವರಿಗೆ ಹಾಗೆ ಹೇಳಿರ್ಲಿಲ್ಲ, ಹಾಗಲ್ಲ ಅಂತಾನೂ ಯಾರೂ ಹೇಳಿರ್ಲಿಲ್ಲ, ಆ ಯಾರೂ ಅನ್ನೋದರಲ್ಲಿ ನಾನೂ ಇದೀನಿ. ದಿನಾ ಮಾಸ್ಕ್ ಹಾಕಿ ತೆಗೆದಿದೀನಿ, ಒಂದು ಮಾತು ಹೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ. ಆವತ್ತಿಂದ ಮೊದಲ ದಿನವೇ, ಕೇಳಲಿ ಬಿಡಲಿ, ನಾನೇ ಹೇಳ್ತೀನಿ: ಹೊರಗಿನ ಮಶೀನಿಂದ ಕೊಡೋ ರೇಡಿಯೇಶನ್ ಮಶೀನ್ ಆಫ್ ಆದ ಕ್ಷಣಕ್ಕೆ ಮುಗೀತು, ದೀಪ ಆರಿಸಿದ ಮೇಲೆ ರೂಮಲ್ಲಿ ಬೆಳಕು ಉಳಿಯಲ್ವಲ್ಲ ಹಾಗೆ. ಮಗುನ ಎತ್ಕೊಳ್ಳಿ, ಒಟ್ಟಿಗೆ ಮಲಗಿ, ಬಸುರಿಯರ ಪಕ್ಕದಲ್ಲಿ ಕೂತ್ಕೊಳ್ಳಿ.

ಇದಕ್ಕೆ ಬೇರೆ ಲೆಕ್ಕ ಇರೋ ಚಿಕಿತ್ಸೆಗಳೂ ಇವೆ, ಅದನ್ನೂ ಹೇಳ್ದೆ ಬಿಟ್ರೆ ತಪ್ಪಾಗತ್ತೆ. ಥೈರಾಯ್ಡ್ ಕ್ಯಾನ್ಸರ್‌ಗೆ ಕುಡಿಸೋ ರೇಡಿಯೋ ಅಯೋಡಿನ್ ಮೈಯೊಳಗೇ ಇರತ್ತೆ, ಅದು ಸುಮಾರು 8 ದಿನಕ್ಕೊಮ್ಮೆ ಅರ್ಧ ಆಗ್ತಾ ಹೋಗತ್ತೆ, ಮೂತ್ರದಲ್ಲೂ ಹೊರಗೆ ಹೋಗತ್ತೆ, ಆಗ ಕೆಲವು ದಿನ ಮಕ್ಕಳು, ಗರ್ಭಿಣಿಯರಿಂದ ದೂರ ಇರ್ಬೇಕು. ಗಂಡಸರ ಪ್ರಾಸ್ಟೇಟ್ ಗ್ರಂಥಿಯೊಳಗೆ ಶಾಶ್ವತವಾಗಿ ಇಡೋ, ಕಿರಣ ಸೂಸೋ ಸಣ್ಣ ಬೀಜಗಳ ಚಿಕಿತ್ಸೇಲೂ ಸ್ವಲ್ಪ ಕಾಲ ಜಾಗ್ರತೆ ಇದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಒಳಗಿಂದ ಕೊಡೋ ಬ್ರಾಕಿಥೆರಪಿನಲ್ಲಿ ಸಾಮಾನ್ಯವಾಗಿ ಕಿರಣ ಸೂಸೋ ಮೂಲವನ್ನ ಕೆಲವು ನಿಮಿಷ ಇಟ್ಟು ವಾಪಸ್ ಮಶೀನಿಗೇ ಎಳ್ಕೊಳ್ತಾರೆ, ಆಮೇಲೆ ಏನೂ ಉಳಿಯಲ್ಲ. ನಿಮ್ಮದು ಯಾವುದು ಅಂತ ಮೊದಲ ದಿನವೇ ಕೇಳಿ.

ಮಾಸ್ಕ್ ಅಂದೆ. ತಲೆ ಕುತ್ತಿಗೆಗೆ ಟ್ರೀಟ್‌ಮೆಂಟ್ ಇದ್ರೆ ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಹಾಳೇನ ಮುಖದ ಮೇಲೆ ಎಳೆದು ಕೂರಿಸ್ತೀವಿ, ಕೆಲವು ನಿಮಿಷದಲ್ಲಿ ಗಟ್ಟಿಯಾಗತ್ತೆ, ಅದು ಜಾಲರಿ, ಉಸಿರಾಡಬಹುದು. ಆಮೇಲೆ ದಿನಾ ಅದನ್ನ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡ್ತೀವಿ, ಯಾಕಂದ್ರೆ ಲೆಕ್ಕ ಎಲ್ಲಾ ಮಿಲಿಮೀಟರ್‌ನಲ್ಲಿ. ಆದ್ರೆ ಆ ಕ್ಲಿಪ್ "ಟಕ್" ಅನ್ನೋ ಸದ್ದು ಇದ್ಯಲ್ಲ, ಅದಕ್ಕೆ ದೊಡ್ಡ ದೊಡ್ಡ ಗಟ್ಟಿ ಮನುಷ್ಯರು ಬೆವೆತುಹೋಗಿದ್ದು ನೋಡಿದೀನಿ, ಹೇಳ್ಕೊಳ್ಳಲ್ಲ, ನಾಚಿಕೆ. ದಯವಿಟ್ಟು ಹೇಳಿ. ಒಳಗೆ ನೀವೊಬ್ರೇ ಇದ್ರೂ ಕ್ಯಾಮೆರಾದಲ್ಲಿ ನಾವು ನೋಡ್ತಾನೇ ಇರ್ತೀವಿ, ಮೈಕಲ್ಲಿ ಮಾತು ಕೇಳಿಸತ್ತೆ, ಕೈ ಎತ್ತಿದ್ರೆ ಮಶೀನ್ ನಿಲ್ಲಿಸಿ ಒಳಗೆ ಬರ್ತೀವಿ. ಎಷ್ಟು ಡೋಸ್ ಹೋಗಿದೆ ಅಂತ ಮಶೀನ್ ನೆನಪಿಟ್ಕೊಂಡಿರತ್ತೆ, ಉಳಿದಷ್ಟನ್ನ ಆಮೇಲೆ ಕೊಡಬಹುದು, ಮಧ್ಯೆ ಕರೆಂಟ್ ಹೋದ್ರೂ ಅಷ್ಟೇ. ಹಾಡು ಹಾಕ್ತೀವಿ, ಎಷ್ಟು ನಿಮಿಷ ಉಳೀತು ಅಂತ ಹೊರಗಿಂದ ಹೇಳ್ತಾ ಇರ್ತೀವಿ, ತೀರಾ ಕಷ್ಟ ಆದ್ರೆ ಡಾಕ್ಟರ್ ಮಾತ್ರೆ ಬರ್ಕೊಡ್ತಾರೆ.

ಎಲ್ಲಾ ಡೋಸನ್ನ ಒಂದೇ ದಿನ ಯಾಕೆ ಕೊಡಲ್ಲ, ದಿನಾ ಓಡಾಡೋದೇ ಸಾಕಾಗಿದೆ ಅಂತ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಕಿರಣ ಜೀವಕೋಶದ ಡಿಎನ್‌ಎಯನ್ನ ಕತ್ತರಿಸತ್ತೆ. ಒಳ್ಳೇ ಕೋಶಗಳಿಗೂ ಪೆಟ್ಟು ಬೀಳತ್ತೆ, ಆದ್ರೆ ಅವು ಮಾರನೇ ದಿನದೊಳಗೆ ಬಹುಮಟ್ಟಿಗೆ ರಿಪೇರಿ ಮಾಡ್ಕೋತವೆ, ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರಲ್ಲ. ಅದಕ್ಕೆ ದಿನಕ್ಕೆ ಸುಮಾರು 2 ಗ್ರೇ (ಕಿರಣದ ಡೋಸ್ ಅಳೆಯೋ ಅಳತೆ) ಅಂತ ಸ್ವಲ್ಪ ಸ್ವಲ್ಪವಾಗಿ ಕೊಡೋದು, ಗಂಟಲು ಬಾಯಿಗೆ 35 ದಿನದಲ್ಲಿ 70 ಗ್ರೇ ಅನ್ನೋದು ಬಹಳ ಕಡೆ ನಡೆಯೋ ಲೆಕ್ಕ. ಸ್ತನಕ್ಕೆ ಮೊದಲು 25 ದಿನ ಕೊಡ್ತಿದ್ರು, ಆಮೇಲೆ 15 ದಿನ ಸಾಕು ಅಂತ ಅಧ್ಯಯನಗಳಲ್ಲಿ ಗೊತ್ತಾಯ್ತು, 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ನಂತರ ಕೆಲವರಿಗೆ 5 ದಿನಕ್ಕೇ ಮುಗಿಸ್ತಾರೆ. ಪಕ್ಕದವರಿಗೆ 15, ನನಗೆ 25, ನನ್ನದು ಜಾಸ್ತಿ ಆಗಿಬಿಟ್ಟಿದ್ಯಾ ಅಂತ ಎಷ್ಟೋ ಜನ ಒಳಗೊಳಗೇ ಕೊರಗ್ತಾರೆ. ದಿನದ ಲೆಕ್ಕಕ್ಕೂ ಕಾಯಿಲೆ ಎಷ್ಟು ಜೋರಾಗಿದೆ ಅನ್ನೋದಕ್ಕೂ ನೇರ ಸಂಬಂಧ ಇಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳ್ತೀನಿ, ಮಧ್ಯೆ ದಿನ ತಪ್ಪಿಸಬೇಡಿ. ತಲೆ ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಒಟ್ಟು ಅವಧಿ ಒಂದು ದಿನ ಉದ್ದ ಆದ್ರೆ ಕಾಯಿಲೆ ಹಿಡಿತಕ್ಕೆ ಬರೋ ಸಾಧ್ಯತೆ ಶೇಕಡಾ 1ರಷ್ಟು ಕಮ್ಮಿಯಾಗತ್ತೆ ಅಂತ ಲೆಕ್ಕ ಇದೆ, ಯಾಕಂದ್ರೆ ಉಳಿದ ಗಡ್ಡೆಯ ಕೋಶಗಳು ಆ ಬಿಡುವಲ್ಲಿ ಬೇಗ ಬೇಗ ಬೆಳೀತವೆ. ಬರಕ್ಕಾಗ್ಲಿಲ್ಲ ಅಂದ್ರೆ ಫೋನ್ ಮಾಡಿ ಹೇಳಿ, ಒಂದೇ ದಿನ ಎರಡು ಸಲ ಕೊಟ್ಟೋ, ರಜಾದಿನ ಕೊಟ್ಟೋ ಸರಿದೂಗಿಸೋ ದಾರಿ ಇರತ್ತೆ, ಸುಮ್ಮನೆ ಇದ್ದುಬಿಟ್ರೆ ಆಗಲ್ಲ.

ಸೈಡ್ ಎಫೆಕ್ಟ್ ವಿಷಯದಲ್ಲಿ ಮೊದಲು ತಿಳ್ಕೋಬೇಕಾದ್ದು, ಸುಸ್ತು ಬಿಟ್ರೆ ಬಾಕಿ ಎಲ್ಲಾ ಕಿರಣ ಬಿದ್ದ ಜಾಗದಲ್ಲೇ. ಸ್ತನಕ್ಕೆ ಕೊಟ್ರೆ ತಲೆ ಕೂದಲು ಉದುರಲ್ಲ, ಉದುರಿದ್ರೆ ಅದು ಕೀಮೋದಿಂದ. ಗಂಟಲಿಗೆ ಕೊಟ್ರೆ ಗಡ್ಡ ಹೋಗತ್ತೆ, ಕತ್ತಿನ ಹಿಂದೆ ಕಿರಣ ಹೊರಗೆ ಬರೋ ಕಡೆ ಸ್ವಲ್ಪ ಕೂದಲು ಹೋಗತ್ತೆ. ಚರ್ಮ ಎರಡು ಮೂರು ವಾರದ ಮೇಲೆ ಕೆಂಪಾಗಿ, ಕಪ್ಪಾಗಿ, ಕೆಲವರಿಗೆ ಸುಲಿಯತ್ತೆ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಬಹುದು, ಉಜ್ಜಬೇಡಿ, ಬಿಸಿ ಶಾಖ ಕೊಡಬೇಡಿ, ಡಾಕ್ಟರ್‌ಗೆ ತೋರಿಸದೆ ಏನೂ ಹಚ್ಚಬೇಡಿ.

ಬಾಯಿ ಗಂಟಲಿನವರ ಕಷ್ಟ ಬೇರೇನೇ. ರುಚಿ ಹೋಗತ್ತೆ, ಎಂಜಲು ದಾರದ ಹಾಗೆ ಗಟ್ಟಿಯಾಗತ್ತೆ, ಆಮೇಲೆ ಒಣಗತ್ತೆ, ಮೂರನೇ ವಾರದ ಹೊತ್ತಿಗೆ ಬಾಯೊಳಗೆ ಹುಣ್ಣು, ನುಂಗೋದೇ ಶಿಕ್ಷೆ. ಒಬ್ರು ಮೇಷ್ಟ್ರು ಇದ್ರು, ದಿನಾ ನಗ್ತಾ ಬರ್ತಿದ್ರು, ಹೇಗಿದೀರಾ ಅಂದ್ರೆ ಕೈ ಎತ್ತಿ ಚೆನ್ನಾಗಿದೀನಿ ಅಂತ ಸನ್ನೆ. ಒಂದು ದಿನ ಮಾಸ್ಕ್ ಹಾಕಿದ್ರೆ ಕೆನ್ನೆ ಹತ್ರ ಬೆರಳು ತೂರಿಸೋಷ್ಟು ಸಡಿಲ. ಊಟ ಬಿಟ್ಟು ಹತ್ತು ದಿನ ಆಗಿತ್ತಂತೆ, ಹೇಳಿದ್ರೆ ಮೂಗಿಗೆ ಟ್ಯೂಬ್ ಹಾಕ್ತಾರೆ ಅಂತ ಹೆದರಿ ಮುಚ್ಚಿಟ್ಟಿದ್ರು. ತೂಕ ಇಳಿದು ಮುಖದ ಆಕಾರ ಬದಲಾದ್ರೆ ಕಿರಣ ಎಲ್ಲಿ ಬೀಳ್ಬೇಕು ಅಂತ ಹಾಕಿದ ಪ್ಲಾನ್ ಕೂಡ ಹೊಂದಲ್ಲ, ಮತ್ತೆ ಸ್ಕ್ಯಾನ್, ಹೊಸ ಮಾಸ್ಕ್, ಹೊಸ ಲೆಕ್ಕ. ಟ್ಯೂಬ್ ಹಾಕಿಸ್ಕೊಂಡು ಅವರು ಪೂರ್ತಿ ಮುಗಿಸಿದ್ರು. ಟ್ಯೂಬ್ ಹಾಕಿದ್ರು ಅಂದ್ರೆ ಕೊನೆ ಹಂತ ಅಂತ ಜನ ತಿಳ್ಕೋತಾರಲ್ಲ, ಅದು ನನಗೆ ಬಹಳ ನೋವು ಕೊಡತ್ತೆ, ಬಹಳಷ್ಟು ಜನಕ್ಕೆ ಹುಣ್ಣು ಮಾಗಿದ ಮೇಲೆ ಅದನ್ನ ತೆಗೀತಾರೆ. ಇನ್ನೊಂದು, ಹಲ್ಲಿನ ಡಾಕ್ಟರ್‌ಗೆ ಶುರು ಮಾಡೋ ಮುಂಚೆನೇ ತೋರಿಸಿ, ರೇಡಿಯೇಶನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ರೆ ಮೂಳೆ ಮಾಗದೇ ಇರಬಹುದು, ಹತ್ತು ವರ್ಷ ಆದ್ಮೇಲೂ ಹಲ್ಲು ಕೀಳಿಸೋ ಮುಂಚೆ ರೇಡಿಯೇಶನ್ ಆಗಿದೆ ಅಂತ ಹೇಳ್ಬೇಕು.

ಹೊಟ್ಟೆಯ ಕೆಳಭಾಗಕ್ಕೆ ಕೊಡೋವಾಗ ನೀರು ಕುಡಿದು ಮೂತ್ರ ಕಟ್ಕೊಂಡು ಬನ್ನಿ ಅಂತೀವಿ, ತುಂಬಿದ ಮೂತ್ರಕೋಶ ಕರುಳನ್ನ ಮೇಲಕ್ಕೆ ತಳ್ಳತ್ತೆ, ಕರುಳಿಗೆ ಕಿರಣ ಕಮ್ಮಿ ಬೀಳತ್ತೆ. ವಯಸ್ಸಾದವರಿಗೆ ತಡ್ಕೊಳ್ಳೋದು ಕಷ್ಟ, ಕಾಯೋ ಹೊತ್ತಲ್ಲಿ ಹೋಗಿ ಬಂದಿರ್ತಾರೆ, ಕೇಳಿದ್ರೆ ಫುಲ್ ಇದೆ ಅಂತಾರೆ. ಸ್ಕ್ಯಾನಲ್ಲಿ ಖಾಲಿ ಇರೋದು ನಮಗೆ ಕಾಣತ್ತೆ. ಬೈಯಲ್ಲ ರೀ, ಬೇಗ ಕರ್ಕೊಳ್ತೀವಿ, ಹೇಳಿ ಅಷ್ಟೇ.

ಇನ್ನು ಯಾರೂ ಬಾಯಿ ಬಿಟ್ಟು ಕೇಳದ ವಿಷಯ. ಗರ್ಭಕೊರಳಿನ ಚಿಕಿತ್ಸೆ ಆದ್ಮೇಲೆ ಯೋನಿ ದಾರಿ ಒಣಗತ್ತೆ, ಕಿರಿದಾಗತ್ತೆ, ಅದಕ್ಕೆ ದಾರಿ ಮುಚ್ಚಿಕೊಳ್ಳದ ಹಾಗೆ ಇಡೋ ಡೈಲೇಟರ್ ಅನ್ನೋ ಸಾಧನ ಇದೆ, ಹೇಗೆ ಬಳಸೋದು ಅಂತ ನರ್ಸ್ ಹೇಳ್ಕೊಡ್ತಾರೆ. ಪ್ರಾಸ್ಟೇಟ್ ಚಿಕಿತ್ಸೆ ಆದವರಿಗೆ ನಿಮಿರುವಿಕೆ ನಿಧಾನಕ್ಕೆ, ತಿಂಗಳು ವರ್ಷಗಳಲ್ಲಿ, ಕಮ್ಮಿಯಾಗಬಹುದು, ಅದಕ್ಕೂ ಔಷಧಿ ಇದೆ. ಮುಂದೆ ಮಕ್ಕಳು ಬೇಕು ಅನ್ನೋರು ವೀರ್ಯ ಅಥವಾ ಅಂಡಾಣು ಕಾದಿಡೋ ಮಾತನ್ನ ಶುರುವಾಗೋ ಮುಂಚೆನೇ ಆಡ್ಬೇಕು, ನಂತರ ಕೇಳಿದ್ರೆ ನಮ್ಮ ಕೈಲಿ ಉತ್ತರ ಇರಲ್ಲ. ಗಂಡ ಹೆಂಡತಿ ಸೇರಿದ್ರೆ ಕ್ಯಾನ್ಸರ್ ಅಂಟತ್ತಾ ಅಂತ ಒಬ್ಬ ಹೆಣ್ಣುಮಗಳು ಕೊನೇ ವಾರ ಕಿವಿ ಹತ್ರ ಬಂದು ಕೇಳಿದ್ರು. ಅಂಟಲ್ಲ. ಕಿರಣವೂ ದಾಟಲ್ಲ. ಗರ್ಭ ಮಾತ್ರ ನಿಲ್ಲದ ಹಾಗೆ ನೋಡ್ಕೋಬೇಕು.

ಸಿಗರೇಟು ಬಿಡದವರೂ ಹೇಳಲ್ಲ. ಕಿರಣ ಕೆಲಸ ಮಾಡೋಕೆ ಗಡ್ಡೆಗೆ ಆಕ್ಸಿಜನ್ ಬೇಕು, ಹೊಗೆ ಅದನ್ನೇ ಕಮ್ಮಿ ಮಾಡತ್ತೆ, ಹುಣ್ಣೂ ಜಾಸ್ತಿ. ಬಿಡಕ್ಕಾಗ್ತಿಲ್ಲ ಅಂದ್ರೆ ಸಹಾಯ ಕೇಳಿ. ಪೇಸ್‌ಮೇಕರ್ ಇದ್ರೆ, ಬೇರೆ ಯಾವುದಾದ್ರೂ ಪುಡಿ, ಕಷಾಯ, ವಿಟಮಿನ್ ಮಾತ್ರೆ ತಗೋತಿದ್ರೆ ಅದನ್ನೂ ಹೇಳ್ಬಿಡಿ.

"ನನಗೆ ಒಂದೇ ದಿನ ಕೊಟ್ಟು ಕಳಿಸಿದ್ರು, ಕೈ ಬಿಟ್ರಾ?" ಮೂಳೆಗೆ ಹರಡಿ ನೋವಿನಿಂದ ಬಂದವರ ಪ್ರಶ್ನೆ ಇದು. ನೋವು ಇಳಿಸೋಕೆ 8 ಗ್ರೇ ಒಂದೇ ಸಲ ಕೊಟ್ರೂ, ಹತ್ತು ದಿನ ಕೊಟ್ರೂ, ಸಿಗೋ ಆರಾಮ ಹೆಚ್ಚುಕಮ್ಮಿ ಒಂದೇ ಅಂತ ಬಹಳ ಅಧ್ಯಯನಗಳಲ್ಲಿ ನೋಡಿದಾರೆ. ನೋವಲ್ಲಿರೋರನ್ನ ದಿನಾ ಓಡಾಡಿಸೋದು ಬೇಡ ಅಂತ ಒಂದೇ ದಿನ. ಮೊದಲ ಒಂದೆರಡು ದಿನ ನೋವು ಜಾಸ್ತಿ ಆಗಬಹುದು, ಆಮೇಲೆ ಒಂದರಿಂದ ನಾಲ್ಕು ವಾರದಲ್ಲಿ ಇಳಿಯತ್ತೆ, ಬೇಕಾದ್ರೆ ಮತ್ತೆ ಕೊಡಬಹುದು. ಯಾರೂ ಕೈ ಬಿಟ್ಟಿರಲ್ಲ.

ಮುಗಿದ ಮೇಲಿನ ದಿನಗಳು ಎಷ್ಟೋ ಜನಕ್ಕೆ ಶುರುವಾತಿಗಿಂತ ಕಷ್ಟ. ದಿನಾ ಯಾರೋ ಹೇಗಿದೀರಾ ಅಂತ ಕೇಳ್ತಿದ್ರು, ಇದ್ದಕ್ಕಿದ್ದ ಹಾಗೆ ಅದು ನಿಂತುಹೋಗತ್ತೆ, ಅದೇ ಹೊತ್ತಿಗೆ ಹುಣ್ಣು, ಚರ್ಮದ ಉರಿ ಇನ್ನೂ ಒಂದೆರಡು ವಾರ ಏರ್ತಾ ಇರತ್ತೆ. ಟ್ರೀಟ್‌ಮೆಂಟ್ ಫೇಲ್ ಆಯ್ತು ಅಂತ ಅಳ್ತಾ ಫೋನ್ ಮಾಡ್ತಾರೆ. ಇಲ್ಲ, ಅದು ಹಾಗೇ ಆಗೋದು, ಆಮೇಲೆ ಇಳಿಯತ್ತೆ. ಪೆಟ್ಟು ತಿಂದ ಕ್ಯಾನ್ಸರ್ ಕೋಶಗಳೂ ಒಂದು ಎರಡಾಗೋ ಹೊತ್ತಲ್ಲಿ, ವಾರಗಟ್ಟಲೆ, ಸಾಯ್ತಾ ಹೋಗ್ತವೆ. ಅದಕ್ಕೇ ಗಂಟಲಿನವರಿಗೆ ಕಾಯಿಲೆ ಉಳಿದಿದ್ಯಾ ಅಂತ ನೋಡೋ ಪೆಟ್ ಸ್ಕ್ಯಾನ್ ಸುಮಾರು ಮೂರು ತಿಂಗಳಾದ್ಮೇಲೆ, ಅದಕ್ಕೆ ಮುಂಚೆ ತೆಗೆದ್ರೆ ಉರಿಯೂತಾನೇ ಕಾಯಿಲೆ ತರ ಕಾಣಬಹುದು.

ನನ್ನ ಮಾತು ಇಷ್ಟು. ಬಾಗಿಲ ಹತ್ರ ಒಂದು ಡಬ್ಬಿ, ಖಾಲಿ ಚೀಟಿಗಳು, ಪೆನ್ನು ಇಟ್ಟಿದೀವಿ. ಎಲ್ಲರ ಮುಂದೆ ಕೇಳೋಕೆ ಆಗಲ್ಲ ಅನ್ನೋರು ಹೆಸರು ಹಾಕ್ದೆ ಬರೆದು ಹಾಕಿ, ಒಂದೊಂದೇ ತೆಗೆದು ಓದ್ತೀನಿ, ಎಲ್ಲಾ ಚೀಟಿ ಮುಗಿಯೋವರೆಗೂ ಇಲ್ಲೇ ಇರ್ತೀನಿ. ಆಗ ಹೇಳಿದ್ನಲ್ಲ ಆ ತಂದೆ, ಈ ಚೀಟಿ ಐಡಿಯಾ ಅವರದ್ದೇ.