ಕಂಡೆನ್ಸರ್ ಕವರ್ ಬಿಚ್ಚುವ ಕಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಕಾರವಾರದ ಬೈತಖೋಲದಲ್ಲಿ ಬೋಟುಗಳು ದಡ ಸೇರಿವೆ, ಬಲೆ ರಿಪೇರಿ ನಡೆದಿದೆ. ಮೀನಿಲ್ಲದ ಮೇಲೆ ಐಸಿಗೆಲ್ಲಿ ಗಿರಾಕಿ? ಹಾಗಾಗಿ ಐಸ್ ಪ್ಲಾಂಟ್ ಇಟ್ಟುಕೊಂಡವರಿಗೆ, ಅಲ್ಲಿ ದುಡಿಯುವ ನನ್ನಂಥ ಮೆಕ್ಯಾನಿಕ್‌ಗಳಿಗೆ ನನ್ನದೊಂದು ವಿನಂತಿ: ಈ ಎರಡು ತಿಂಗಳಲ್ಲಿ ಕಂಡೆನ್ಸರಿನ ಕವರ್ ಬಿಚ್ಚಿ ಒಳಗೆ ನೋಡಿ.

ಕಂಡೆನ್ಸರ್ ಎಂದರೆ ಉದ್ದನೆಯ ಉಕ್ಕಿನ ಪೀಪಾಯಿ, ಅದರೊಳಗೆ ಸಾಲು ಸಾಲು ಟ್ಯೂಬು. ಟ್ಯೂಬಿನ ಒಳಗೆ ನೀರು ಹರಿಯುತ್ತದೆ, ಹೊರಗೆ ಐಸ್ ಕಟ್ಟಲು ತಂಪು ಕೊಡುವ ಅಮೋನಿಯಾ, ಅದನ್ನು ಒತ್ತುವ ಯಂತ್ರವಾದ ಕಂಪ್ರೆಸರಿನಿಂದ ಬಂದ ಬಿಸಿ ಗ್ಯಾಸಾಗಿ ತುಂಬಿರುತ್ತದೆ. ಗ್ಯಾಸು ಟ್ಯೂಬಿಗೆ ತಾಗಿ, ತನ್ನ ಕಾವನ್ನು ನೀರಿಗೆ ಕೊಟ್ಟು ದ್ರವವಾಗಬೇಕು. ಕೈಗಾದಲ್ಲಿ ಟರ್ಬೈನ್ ತಿರುಗಿಸಿ ಬಂದ ಹಬೆ ಮತ್ತೆ ನೀರಾಗುವುದೂ ಇಂಥ ಟ್ಯೂಬುಗಳ ಮೇಲೆಯೇ; ಅಲ್ಲಿ ತಂಪು ಕೊಡುವುದು ಕದ್ರಾ ಜಲಾಶಯದ ನೀರು.

ಒಂದು ವರ್ಷ ಮೇ ತಿಂಗಳಲ್ಲಿ ನಾನಿದ್ದ ಪ್ಲಾಂಟಿನಲ್ಲಿ ಕಂಡೆನ್ಸರಿನ ಒತ್ತಡ ತೋರಿಸುವ ಗೇಜ್ ದಿನದಿಂದ ದಿನಕ್ಕೆ ಏರತೊಡಗಿತು. ಐಸ್ ಕಟ್ಟುವುದು ತಡವಾಯಿತು, ಕರೆಂಟ್ ಬಿಲ್ಲು ಹೆಚ್ಚಾಯಿತು. ಕಂಪ್ರೆಸರಿಗೆ ವಯಸ್ಸಾಯಿತು, ಹೊಸದು ತರುತ್ತೇನೆ ಎಂದು ಯಜಮಾನರು ಹೊರಟೇಬಿಟ್ಟಿದ್ದರು. ಅದಕ್ಕೂ ಮೊದಲು ಕವರ್ ಬಿಚ್ಚೋಣ ಎಂದೆ. ಬೋಲ್ಟ್ ಸಡಿಲಿಸಿದ್ದೇ ತಡ, ಕೆಸರು ವಾಸನೆ. ಟಾರ್ಚ್ ಹಾಕಿದರೆ ಟ್ಯೂಬುಗಳ ಬಾಯಿ ಕಿರಿದಾಗಿವೆ. ಒಳಗೆಲ್ಲ ಬೂದು ಬಣ್ಣದ ಸುಣ್ಣ, ಅದರ ಮೇಲೆ ಜಾರುವ ಲೋಳೆ. ಉಗುರಿನಿಂದ ಕೆರೆದರೆ ಸುಣ್ಣ ಮೊಟ್ಟೆ ಚಿಪ್ಪಿನ ಹಾಗೆ ಚಕ್ಕೆಯೆದ್ದು ಬಂತು.

ಬಚ್ಚಲ ಹಂಡೆಯೊಳಗೆ ಸುಣ್ಣ ಕಟ್ಟಿದರೆ ಎರಡು ಕಟ್ಟಿಗೆ ಹೆಚ್ಚೇ ಬೇಕೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಅದೇ. ಉಕ್ಕು ದಾಟಿಸುವ ಕಾವಿನಲ್ಲಿ ಹತ್ತರ ಒಂದು ಪಾಲನ್ನೂ ಅಷ್ಟೇ ದಪ್ಪದ ಸುಣ್ಣ ದಾಟಿಸುವುದಿಲ್ಲ. ಲೋಳೆ ಅದಕ್ಕಿಂತ ಕಡೆ. ಕಾವು ನೀರಿಗೆ ದಾಟದಿದ್ದರೆ ಒಳಗಿನ ಒತ್ತಡವೂ ಗ್ಯಾಸು ದ್ರವವಾಗುವ ಉಷ್ಣತೆಯೂ ಏರುತ್ತವೆ; ಆ ಉಷ್ಣತೆ 1 ಡಿಗ್ರಿ ಮೇಲೇರಿದರೆ ಕಂಪ್ರೆಸರ್ ಎಳೆಯುವ ಕರೆಂಟು ಸುಮಾರು ಶೇ. 2ರಿಂದ 3 ಹೆಚ್ಚುತ್ತದೆ. ಕಂಡೆನ್ಸರಿನಿಂದ ಬಂದ ನೀರನ್ನು ತಣಿಸುವ ಕೂಲಿಂಗ್ ಟವರಿನಲ್ಲಿ ನೀರು ಆವಿಯಾಗಿ ಹೋದರೂ ಸುಣ್ಣ ಉಳಿದೇ ಉಳಿಯುತ್ತದೆ. ಆಗಾಗ ಒಂದಿಷ್ಟು ನೀರು ಹೊರಬಿಟ್ಟು ಹೊಸ ನೀರು ಸೇರಿಸದಿದ್ದರೆ ಅದು ಟ್ಯೂಬಿನಲ್ಲೇ ಹೋಗಿ ಕೂರುತ್ತದೆ.

ಒಂದೊಂದೇ ಟ್ಯೂಬಿಗೆ ಬ್ರಷ್ ತೂರಿಸಿ ತೊಳೆಯಲು ನಮಗೆ ಎರಡು ದಿನ ಹಿಡಿಯಿತು. ಗೇಜ್ ಇಳಿಯಿತು, ಆದರೆ ನಾನು ಎಣಿಸಿದಷ್ಟಲ್ಲ. ಉಳಿದ ತಪ್ಪು ಟ್ಯೂಬಿನ ಹೊರಗಿತ್ತು: ಗಾಳಿ.

ರಿಪೇರಿಗೆ ಬಿಚ್ಚಿದಾಗ ಒಳಸೇರಿದ ಗಾಳಿ ಎಂದಿಗೂ ದ್ರವವಾಗುವುದಿಲ್ಲ. ಕಂಡೆನ್ಸರಿನಲ್ಲೇ ಉಳಿದು ಟ್ಯೂಬುಗಳನ್ನು ಸುತ್ತಿಕೊಳ್ಳುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡವನಿಗೆ ಮಳೆ ತಾಗದ ಹಾಗೆ ಟ್ಯೂಬಿಗೆ ಅಮೋನಿಯಾ ಸರಿಯಾಗಿ ತಾಗುವುದಿಲ್ಲ. ಕಂಡುಹಿಡಿಯುವುದು ಸುಲಭ. ಕಂಪ್ರೆಸರ್ ನಿಲ್ಲಿಸಿ, ನೀರು ಮಾತ್ರ ಹರಿಯಲು ಬಿಡಿ. ಒಳಹೋಗುವ ನೀರೂ ಹೊರಬರುವ ನೀರೂ ಒಂದೇ ಉಷ್ಣತೆಗೆ ಬಂದಾಗ ಗೇಜ್ ನೋಡಿ. ನೀರು 30 ಡಿಗ್ರಿ ಇದ್ದರೆ ಸುಮಾರು 10.7 ಬಾರ್ ಒತ್ತಡ ಇರಬೇಕು. ಅದಕ್ಕಿಂತ ಮೇಲೆ ನಿಂತಿದ್ದರೆ ಗಾಳಿ ಇದೆ. ಅದನ್ನು ಬಿಡುವ ಪೈಪಿನ ತುದಿ ನೀರಿನ ಡ್ರಮ್ಮಿನಲ್ಲಿ ಮುಳುಗಿರಬೇಕು. ಅಮೋನಿಯಾ ನೀರಿನಲ್ಲಿ ಕರಗುತ್ತದೆ, ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ; ಗುಳ್ಳೆ ನಿಂತರೆ ಗಾಳಿ ಮುಗಿಯಿತು. ಮಾಸ್ಕ್ ಇಲ್ಲದೆ, ಪಳಗಿದ ಕೈಯಿಲ್ಲದೆ ಈ ಕೆಲಸಕ್ಕೆ ದಯವಿಟ್ಟು ಹೋಗಬೇಡಿ. ಅಮೋನಿಯಾ ಕಣ್ಣನ್ನೂ ಶ್ವಾಸಕೋಶವನ್ನೂ ಸುಡುತ್ತದೆ.

ಕಂಪ್ರೆಸರಿನಿಂದ ತೇಲಿಬಂದ ಎಣ್ಣೆಯೂ ಟ್ಯೂಬಿಗೆ ಅಂಟುತ್ತದೆ. ಎಣ್ಣೆ ಬೇರ್ಪಡಿಸುವ ಸಪರೇಟರ್ ಸರಿಯಿದೆಯೇ ನೋಡಿ. ನೀರಿನ ವೇಗ ದುಪ್ಪಟ್ಟು ಮಾಡಿದರೆ ನೀರಿನ ಬದಿಯಲ್ಲಿ ಕಾವು ದಾಟುವುದು ಸುಮಾರು 1.7 ಪಟ್ಟು ಹೆಚ್ಚೀತು, ಆದರೆ ಟ್ಯೂಬಿನಲ್ಲಿ ಒತ್ತಡದ ನಷ್ಟ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಪಂಪ್ ದೊಡ್ಡದು ಮಾಡುವ ಮೊದಲು ಯೋಚಿಸಿ. ತಾಮ್ರದ ಟ್ಯೂಬ್ ಹಾಕೋಣ ಎನ್ನುವವರ ಮಾತು ಕೇಳಲೇಬೇಡಿ: ತೇವ ಸೇರಿದ ಅಮೋನಿಯಾ ತಾಮ್ರವನ್ನು ತಿಂದುಹಾಕುತ್ತದೆ.

ಗಾಳಿ ಬಿಟ್ಟ ಮೇಲೆ ನಮ್ಮ ಗೇಜ್ ಹಳೆಯ ಜಾಗಕ್ಕೆ ಬಂತು. ಹೊಸ ಕಂಪ್ರೆಸರ್ ಬೇಕಾಗಲಿಲ್ಲ. ಅಂದಿನ ನೀರಿನ ಎರಡು ಉಷ್ಣತೆಗಳನ್ನೂ ಗೇಜಿನ ಅಂಕಿಯನ್ನೂ ತಾರೀಖಿನ ಸಮೇತ ಗೋಡೆಯ ಮೇಲೆ ಬರೆದಿಟ್ಟೆವು. ಆಮೇಲೆ ಅನುಮಾನ ಬಂದಾಗಲೆಲ್ಲ ಆ ಗೋಡೆ ನೋಡುತ್ತಿದ್ದೆವು. ನೀವೂ ಬರೆದಿಡಿ, ಆಗಸ್ಟ್ 1ಕ್ಕೆ ಮೊದಲ ಬೋಟು ಐಸ್ ಕೇಳಿಕೊಂಡು ಬರುವುದರೊಳಗೆ.

ನಮಸ್ಕಾರ.